ಎರಡು ಬ್ಯಾಟರಿ ಇದ್ದರೂ ದೋಣಿ ಸ್ಟಾರ್ಟ್ ಆಗದು, ಏಕೆ?

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನಲ್ಲಿ ಓಡಿಸುವ ನಮ್ಮ ದೋಣಿಗೆ ಸಣ್ಣ ಔಟ್‌ಬೋರ್ಡ್ ಎಂಜಿನ್ ಇದೆ. ಸ್ಟಾರ್ಟಿಂಗ್‌ಗೆ ಒಂದು ಬ್ಯಾಟರಿ, ದೀಪ-ಪಂಪಿಗೆ 100 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ್ದು ಇನ್ನೊಂದು. ಯಾವ ಬ್ಯಾಟರಿ ಎಂದು ಆರಿಸುವ ಸ್ವಿಚ್ ಯಾವಾಗಲೂ ‘ಬೋತ್’ನಲ್ಲೇ (ಎರಡೂ) ಇರುತ್ತದೆ. ಆದರೂ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಎನ್ನುತ್ತದೆ, ಅಷ್ಟೆ. ಹೊಸ ಬ್ಯಾಟರಿ ಹಾಕಬೇಕೆ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಈಗಲೇ ದುಡ್ಡು ಖರ್ಚು ಮಾಡಬೇಡಿ. ಮೊದಲ ಅನುಮಾನ ಆ ‘ಬೋತ್’ ಮೇಲೆಯೇ. ಅದರಲ್ಲಿಟ್ಟರೆ ಎರಡೂ ಸೇರಿ ಒಂದೇ ಬ್ಯಾಟರಿಯಾಗುತ್ತವೆ. ರಾತ್ರಿ ದೀಪ ಉರಿದಷ್ಟೂ ಎರಡೂ ಒಟ್ಟಿಗೇ ಇಳಿಯುತ್ತವೆ. ಎಂಜಿನ್ ನಿಲ್ಲಿಸಿದ ಕೂಡಲೇ ಸ್ವಿಚ್ಚನ್ನು ದೀಪದ ಬ್ಯಾಟರಿಗೆ ತಿರುಗಿಸಿ. ಸ್ಟಾರ್ಟ್ ಮಾಡುವಾಗ ಇನ್ನೊಂದಕ್ಕೆ, ಓಡುವಾಗ ಮಾತ್ರ ‘ಬೋತ್’. ಎಂಜಿನ್ ಓಡುತ್ತಿರುವಾಗ ಅಪ್ಪಿತಪ್ಪಿಯೂ ‘ಆಫ್’ ದಾಟಿಸಬೇಡಿ, ಚಾರ್ಜಿಂಗ್ ಡಯೋಡ್ ಸುಟ್ಟುಹೋಗಬಹುದು. ಇಷ್ಟೆಲ್ಲ ನೆನಪಿರದು ಎನ್ನುವವರಿಗೆ ವೋಲ್ಟೇಜ್ ನೋಡಿ ತಾನಾಗಿಯೇ ಕೆಲಸ ಮಾಡುವ ಸ್ವಿಚ್, ಅಂದರೆ ವೋಲ್ಟೇಜ್ ಸೆನ್ಸಿಂಗ್ ರಿಲೇ ಇದೆ: ಎಂಜಿನ್ ಚಾರ್ಜ್ ಮಾಡುತ್ತಾ ಸುಮಾರು 13.3 ವೋಲ್ಟ್ ದಾಟಿದಾಗ ಎರಡನ್ನೂ ಜೋಡಿಸಿ, 12.8ಕ್ಕೆ ಇಳಿದಾಗ ಬಿಡಿಸುತ್ತದೆ.

ಆದರೆ ರಿಲೇ ಕರೆಂಟ್ ಹುಟ್ಟಿಸುವುದಿಲ್ಲ. ಲೆಕ್ಕ ನೋಡಿ. ಸಣ್ಣ ಔಟ್‌ಬೋರ್ಡ್ ವೇಗದಲ್ಲಿದ್ದಾಗ 6 ಆಂಪಿಯರ್ ಕೊಟ್ಟರೆ, ಅರ್ಧ ಗಂಟೆಯ ಓಟಕ್ಕೆ ಸಿಗುವುದು 3 ಎಎಚ್. ಅರ್ಧ ಖಾಲಿಯಾದ ದೀಪದ ಬ್ಯಾಟರಿಗೆ 50 ಎಎಚ್ ಬೇಕು. ನಷ್ಟ ಸೇರಿಸಿದರೆ ಹತ್ತು ಗಂಟೆಯ ಓಟ! ಹಾಗಾಗಿ ದಡದಲ್ಲಿ 10 ಆಂಪಿಯರ್ ಚಾರ್ಜರ್ ಬೇಕೇ ಬೇಕು. 100 ವಾಟ್‌ನ ಸೋಲಾರ್ ಪ್ಯಾನೆಲ್ ಬೇಸಿಗೆಯಲ್ಲಿ ದಿನಕ್ಕೆ 25 ಎಎಚ್‌ನಷ್ಟು ಕೊಟ್ಟೀತು, ಚಾರ್ಜ್ ಕಂಟ್ರೋಲರ್ ಜೊತೆಗಿರಲಿ. ಆಷಾಢದ ಮಳೆಯಲ್ಲಿ ಅದನ್ನು ನಂಬಬೇಡಿ.

ಬ್ಯಾಟರಿಯೇ ಕೆಟ್ಟಿದೆಯೇ ಎಂದು ತಿಳಿಯಲು ಪೂರ್ತಿ ಚಾರ್ಜ್ ಮಾಡಿ, ಎರಡೂ ವಯರ್ ಬಿಚ್ಚಿ, ಕೆಲವು ಗಂಟೆ ಬಿಟ್ಟು ವೋಲ್ಟೇಜ್ ಅಳೆಯಿರಿ. ಲೀಡ್ ಆಸಿಡ್ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಮರುದಿನ ಬೆಳಿಗ್ಗೆ 12.4ಕ್ಕೆ ಇಳಿದಿದ್ದರೆ ಮಾತ್ರ ಹೊಸದರ ಯೋಚನೆ ಮಾಡಿ.

ವಯರಿಂಗ್‌ನಲ್ಲಿ ಹೆಚ್ಚಾಗಿ ಮರೆಯುವುದು ಎರಡೂ ನೆಗೆಟಿವ್ ಸೇರಿಸುವುದನ್ನು. ಪ್ರತಿ ಪಾಸಿಟಿವ್‌ಗೆ ಗೇಣುದ್ದದೊಳಗೆ ಫ್ಯೂಸ್ ಇರಲಿ. ತಳದ ನೀರು ಹೊರಹಾಕುವ ಪಂಪಿಗೆ ಸ್ವಿಚ್ ಬಿಟ್ಟು ನೇರ ದೀಪದ ಬ್ಯಾಟರಿಯಿಂದ, ಬೇರೆ ಫ್ಯೂಸ್ ಹಾಕಿ ಲೈನ್ ಕೊಡಿ. ‘ಆಫ್’ ಮಾಡಿ ಮನೆಗೆ ಹೋದ ರಾತ್ರಿಯೇ ಮಳೆ ಸುರಿದರೂ ಅದು ಓಡಬೇಕು. ಮಳೆಗಾಲಕ್ಕೆ ದೋಣಿ ದಡಕ್ಕೆಳೆದರೆ ಎರಡನ್ನೂ ಬಿಚ್ಚಿ ಮನೆಗೆ ತಂದು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ.