ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಮಾಡಬಹುದಾ? ಅಲ್ಲಿನ ಜನ, ಶಾಲೆ ಹೇಗೆ?

ನೀವು ಕೇಳಿದ್ದು ಇಷ್ಟು: ಧಾರವಾಡದ ಹೈಕೋರ್ಟ್ ಪೀಠಕ್ಕೆ ವರ್ಗವಾಗಿದೆ, ಬೆಂಗಳೂರಿನಿಂದ ಬರುತ್ತಿದ್ದೇವೆ, ಮಗಳು ಮೂರನೇ ಕ್ಲಾಸು, ಮಗ ಎಂಟನೇ ಕ್ಲಾಸು, ಮಾಳಮಡ್ಡಿ ಕಡೆ ಮನೆ ನೋಡಬಹುದಾ ಅಥವಾ ಅದಕ್ಕಿಂತ ಸಪ್ತಾಪುರ ಏರಿಯಾನೇ ಮೇಲಾ, ಶಾಲೆ ಯಾವುದು ಒಳ್ಳೇದು. ನಾನು ಮಾಳಮಡ್ಡಿಯಲ್ಲೇ ಹುಟ್ಟಿ ಬೆಳೆದವಳು, ಈಗಲೂ ಇಲ್ಲೇ ಇದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಉತ್ತರ.

ಮೊದಲೇ ಹೇಳಿಬಿಡುತ್ತೇನೆ. ಆಫೀಸಿಗೆ ಹತ್ತಿರ ಅಂತ ಮನೆ ಹುಡುಕಬೇಡಿ. ಹೈಕೋರ್ಟ್ ಪೀಠ ಇರುವುದು ಊರ ಹೊರಗೆ, ಬೆಳಗಾವಿ ಕಡೆಯ ಹೆದ್ದಾರಿ ಪಕ್ಕ. ಧಾರವಾಡದಲ್ಲಿ ಎಲ್ಲಿ ಮನೆ ಮಾಡಿದರೂ ದೊಡ್ಡವರು ಗಾಡಿ ಮೇಲೆ ಆರಾಮಾಗಿ ಹೋಗಿ ಬರಬಹುದು, ಬೆಂಗಳೂರಿನ ಟ್ರಾಫಿಕ್ ಇಲ್ಲಿಲ್ಲ. ಆದರೆ ಮಕ್ಕಳು ನಡೆದು ಹೋಗುವಷ್ಟು ಹತ್ತಿರ ಶಾಲೆ ಇದ್ದರೆ ನಿಮ್ಮ ಇಡೀ ಜೀವನವೇ ಬೇರೆ ಥರ ಇರುತ್ತದೆ. ಮಾಳಮಡ್ಡಿಯಲ್ಲಿ ಅದು ಇನ್ನೂ ಸಾಧ್ಯ. ಅದಕ್ಕೇ ನನ್ನ ಓಟು ಮಾಳಮಡ್ಡಿಗೆ.

ಈ ಏರಿಯಾ ಯಾಕೆ ಹೀಗಿದೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಡಿಗ್ರಿ ಬೇಕು ಅಂದರೆ ಹುಡುಗರು ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಬೇಂದ್ರೆಯವರೂ ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. 1918ರಲ್ಲಿ ಮುಗಿಸಿ ಬಂದು ಇಲ್ಲಿಯ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಅದೇ ಈಗಿನ ವಿದ್ಯಾರಣ್ಯ ಹೈಸ್ಕೂಲು. ಕರ್ನಾಟಕ ಕಾಲೇಜು 1917ರಲ್ಲಿ ಶುರುವಾಯಿತು, 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬೈಯಿಂದ ಇಲ್ಲಿಗೆ ಬಂತು. ಅದಕ್ಕೂ ಮುಂಚೆ 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಇತ್ತು. ಮಕ್ಕಳ ಓದಿಗೆ ಅಂತ ಸುತ್ತಲಿನ ಹಳ್ಳಿಗಳಿಂದ ಬಂದು ಇಲ್ಲೊಂದು ಖೋಲಿ ಹಿಡಿದವರು, ಆಮೇಲೆ ಕೋರ್ಟಿನಲ್ಲೋ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ ಸಿಕ್ಕಿ ಇಲ್ಲೇ ಉಳಿದುಬಿಟ್ಟರು. ಮಾಳಮಡ್ಡಿಯ ಹಳೇ ಮನೆಗಳಲ್ಲಿ ಬಹಳಷ್ಟು ಹೀಗೇ ಎದ್ದವು. ಮಾಸ್ತರರು, ಪ್ರೊಫೆಸರುಗಳು, ಗುಮಾಸ್ತರು, ಸ್ಟೇಷನ್ ಹತ್ತಿರ ಇರಲಿ ಅಂದುಕೊಂಡ ರೈಲ್ವೆಯವರು. ಶ್ರೀಮಂತರ ಏರಿಯಾ ಇದಾಗಿರಲೇ ಇಲ್ಲ.

ಜನರ ಬಗ್ಗೆ ಹೇಳಬೇಕು ಅಂದರೆ, ನೀವು ಸಾಮಾನು ಇಳಿಸುವಾಗಲೇ ಎದುರು ಮನೆಯ ಅಜ್ಜ ಬಂದು "ಯಾವ ಕಡಿಯವರ್ರಿ ನೀವು? ಇಲ್ಲಿ ಯಾರ ಪೈಕಿ?" ಅಂತ ಕೇಳುತ್ತಾರೆ. ಬೆಂಗಳೂರಿನವರಿಗೆ ಇದು ಸ್ವಲ್ಪ ಕಿರಿಕಿರಿ ಅನ್ನಿಸಬಹುದು. ತಪ್ಪು ತಿಳಿಯಬೇಡಿ. ಅದೇ ಅಜ್ಜ ಮರುದಿನ ನಲ್ಲಿ ನೀರು ಯಾವಾಗ ಬರುತ್ತದೆ, ಹಾಲು ಯಾರು ಹಾಕುತ್ತಾರೆ, ಗಣಿತ ಯಾವ ಸರ್ ಹತ್ತಿರ ಹೇಳಿಸಿಕೊಳ್ಳಬೇಕು ಅನ್ನುವುದನ್ನೆಲ್ಲ ಹೇಳುತ್ತಾರೆ. ರಾಯರ ಮಠ, ಉತ್ತರಾದಿ ಮಠ ಇಲ್ಲೇ ಇರುವುದರಿಂದ ವೈಷ್ಣವ ಬ್ರಾಹ್ಮಣರ ಮನೆಗಳು ಮೊದಲಿನಿಂದಲೂ ಜಾಸ್ತಿ. ಹಾಗಂತ ಅವರಷ್ಟೇ ಇಲ್ಲ, ಲಿಂಗಾಯತರು, ಕ್ರೈಸ್ತರು, ಮುಸ್ಲಿಮರು, ಹೊಸದಾಗಿ ಬಂದ ನೌಕರಿಯವರು ಎಲ್ಲರೂ ಇದ್ದಾರೆ. ಒಂದು ವಿಷಯ ಮಾತ್ರ ಬಿಚ್ಚಿ ಹೇಳಬೇಕು. ಕೆಲವು ಮನೆ ಮಾಲೀಕರು ಇವತ್ತಿಗೂ ಜಾತಿ ಕೇಳಿ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಅಂತ ಕೇಳಿ ಬಾಡಿಗೆಗೆ ಕೊಡುತ್ತಾರೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ, ಇಷ್ಟು ಶಾಲೆ ಕಾಲೇಜು ಇರುವ ಊರಿನಲ್ಲಿ ಇಂಥದ್ದು ನಡೆಯಬಾರದು. ಆದರೆ ನಡೆಯುತ್ತಿದೆ, ನಿಮಗೆ ಮೊದಲೇ ಗೊತ್ತಿರಲಿ. ಹಾಗೆ ಕೇಳದ ಮಾಲೀಕರೂ ಬೇಕಾದಷ್ಟಿದ್ದಾರೆ, ಸ್ವಲ್ಪ ಜಾಸ್ತಿ ತಿರುಗಿದರೆ ಸಿಗುತ್ತಾರೆ.

ಇನ್ನೊಂದು ನೋವಿನ ವಿಷಯ. ನಮ್ಮ ಓಣಿಗಳಲ್ಲಿ ಈಗ ವಯಸ್ಸಾದವರೇ ಹೆಚ್ಚು. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಹಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ, ಹಿತ್ತಲ ಮಾವಿನ ಗಿಡ ಹೋಗಿ ಪಾರ್ಕಿಂಗ್ ಬಂದಿದೆ. ಸಣ್ಣ ಮಕ್ಕಳಿರುವ ಒಂದು ಮನೆ ಓಣಿಗೆ ಬಂದರೆ ಇಲ್ಲಿಯ ಅಜ್ಜಿಯರಿಗೆ ಎಷ್ಟು ಸಂತೋಷ ಆಗುತ್ತದೆ ಅನ್ನುವುದನ್ನು ನೀವು ಬಂದ ಮೇಲೆ ನೋಡಿ. ನಾನು ಕೆಲಸದಿಂದ ತಡವಾಗಿ ಬಂದ ದಿನ ನನ್ನ ಮಗಳಿಗೆ ಪಕ್ಕದ ಮನೆ ಮಾಮಿ ಅವಲಕ್ಕಿ ಕೊಟ್ಟು, ಮಗ್ಗಿ ಹೇಳಿಸಿ ಕೂರಿಸಿಕೊಂಡಿರುತ್ತಾರೆ. ಅವರು ರಿಟೈರ್ ಆದ ಟೀಚರ್. ದುಡ್ಡು ಕೊಟ್ಟರೂ ಇಂಥ ಟ್ಯೂಷನ್ ಸಿಗಲ್ಲ.

ಇನ್ನು ಸಪ್ತಾಪುರ. ಅಲ್ಲಿಯದು ಪೂರ್ತಿ ಬೇರೆ ಲೋಕ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದು ಅಲ್ಲಿ ರೂಮು ಮಾಡಿಕೊಂಡಿರುತ್ತಾರೆ. ಮನೆ ಮೇಲೊಂದು ಮಹಡಿ ಎದ್ದರೆ ಅದು ಪಿ.ಜಿ., ಕೆಳಗೆ ಲೈಬ್ರರಿ, ಪಕ್ಕದಲ್ಲಿ ಖಾನಾವಳಿ, ಎದುರಿಗೆ ಜೆರಾಕ್ಸ್ ಅಂಗಡಿ. ಆ ಮಕ್ಕಳ ಬಗ್ಗೆ ನನಗೆ ಬಹಳ ಗೌರವ ಇದೆ. ಹೊಲ ಮಾರಿಯೋ ಸಾಲ ಮಾಡಿಯೋ ಅಪ್ಪ ಅವ್ವ ಕಳಿಸಿರುತ್ತಾರೆ, ವರ್ಷಗಟ್ಟಲೆ ನೋಟಿಫಿಕೇಷನ್ನಿಗೆ ಕಾಯುತ್ತಾ ಓದುತ್ತಾರೆ, ಒಂದು ಪರೀಕ್ಷೆ ಮುಂದೆ ಹೋದರೆ ಒಂದು ವರ್ಷದ ರೂಮ್ ಬಾಡಿಗೆ ಹೋದಂತೆ. ಆದರೆ ನಿಮ್ಮಂಥ ಸಂಸಾರಸ್ಥರಿಗೆ ಅಲ್ಲಿ ಮನೆ ಸಿಗುವುದು ಕಷ್ಟ, ಯಾಕೆಂದರೆ ರೂಮುಗಳಾಗಿ ಕೊಟ್ಟರೆ ಮಾಲೀಕರಿಗೆ ಜಾಸ್ತಿ ದುಡ್ಡು. ಶಾಂತವಾಗಿ ಇರಬೇಕು ಅನ್ನುವವರು ಸಪ್ತಾಪುರದ ಮುಖ್ಯ ರಸ್ತೆ ಬಿಟ್ಟು ಒಳಗೆ ನೋಡಬೇಕು.

ಈಗ ಶಾಲೆ. ಮಾಳಮಡ್ಡಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಕೆ.ಇ. ಬೋರ್ಡ್ ಶಾಲೆ. ನಾನೂ ಅಲ್ಲೇ ಓದಿದ್ದು. ಊರಿನಲ್ಲಿ ಹೆಸರಾದ ಬೇರೆ ಹಳೇ ಶಾಲೆಗಳು ಅಂದರೆ ಬಾಸೆಲ್ ಮಿಷನ್, ಸೇಂಟ್ ಜೋಸೆಫ್ಸ್, ಪ್ರೆಸೆಂಟೇಷನ್, ವಿದ್ಯಾರಣ್ಯ. ಗಿರೀಶ ಕಾರ್ನಾಡ ಬಾಸೆಲ್ ಮಿಷನ್ ಹೈಸ್ಕೂಲಿನಲ್ಲಿ ಓದಿದವರು, ನಂದನ್ ನಿಲೇಕಣಿ ಸೇಂಟ್ ಜೋಸೆಫ್ಸ್‌ನಲ್ಲಿ. ಕನ್ನಡ ಮಾಧ್ಯಮದಲ್ಲೇ ಆಟ, ನಾಟಕದ ಜೊತೆ ಕಲಿಸುವ ಶಾಲೆ ಬೇಕು ಅಂದರೆ ಬಾಲಬಳಗಕ್ಕೆ ಒಮ್ಮೆ ಹೋಗಿ ಬನ್ನಿ, ಮಗಳ ವಯಸ್ಸಿಗೆ ಚೆನ್ನಾಗಿ ಹೊಂದುತ್ತದೆ.

ಆದರೆ ಬರೀ ಹೆಸರು ನೋಡಿ ಸೇರಿಸಬೇಡಿ. ನನ್ನ ಅಮ್ಮ ಅನುದಾನಿತ ಶಾಲೆಯಲ್ಲಿ ಟೀಚರ್ ಆಗಿದ್ದರು, ಅದಕ್ಕೆ ಈ ಮಾತು ಹೇಳುತ್ತಿದ್ದೇನೆ. ಅನುದಾನಿತ ಶಾಲೆಯಲ್ಲಿ ಟೀಚರ್ ಸಂಬಳ ಸರ್ಕಾರ ಕೊಡುತ್ತದೆ. ಒಬ್ಬರು ರಿಟೈರ್ ಆದರೆ ಆ ಜಾಗ ತುಂಬುವುದಕ್ಕೆ ಸರ್ಕಾರದ ಅನುಮತಿ ಬೇಕು, ಅದು ವರ್ಷಗಟ್ಟಲೆ ಬರುವುದಿಲ್ಲ. ಅಲ್ಲಿಯವರೆಗೆ ಆಡಳಿತ ಮಂಡಳಿಯವರು ಕಡಿಮೆ ಸಂಬಳಕ್ಕೆ ಯಾರನ್ನೋ ಇಟ್ಟುಕೊಂಡು ನಡೆಸುತ್ತಾರೆ. ಆ ಟೀಚರು ಎಷ್ಟೇ ಒಳ್ಳೆಯವರಾದರೂ ಹೊಟ್ಟೆಪಾಡಿಗಾಗಿ ಮುಂದಿನ ವರ್ಷ ಬೇರೆ ಕಡೆ ಹೋಗುತ್ತಾರೆ. ಹಳೇ ಕನ್ನಡ ಶಾಲೆಗಳು ಸೊರಗಿದ್ದು ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋದರು ಅನ್ನುವ ಒಂದೇ ಕಾರಣಕ್ಕಲ್ಲ, ಹೀಗೆ ಟೀಚರುಗಳಿಲ್ಲದೆ ಖಾಲಿಯಾಗಿದ್ದಕ್ಕೂ. ಹಾಗಾಗಿ ಶಾಲೆಗೆ ಹೋದಾಗ ನೇರವಾಗಿ ಕೇಳಿ: ಕನ್ನಡಕ್ಕೆ ಯಾರು, ಗಣಿತಕ್ಕೆ ಯಾರು, ಅವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಇದಕ್ಕೆ ಹೆಡ್‌ಮಾಸ್ತರ್ ತಡವರಿಸದೆ ಉತ್ತರ ಕೊಟ್ಟರೆ ಆ ಶಾಲೆ ಚೆನ್ನಾಗಿದೆ ಅಂತ ತಿಳಿಯಿರಿ. ಕಟ್ಟಡ, ಸ್ಮಾರ್ಟ್ ಬೋರ್ಡು, ಬಸ್ಸು ಆಮೇಲೆ.

ಊರ ಹೊರಗಿನ ದೊಡ್ಡ ಶಾಲೆಗಳ ಬಗ್ಗೆ ನಿಮಗೆ ಎಲ್ಲರೂ ಹೇಳುತ್ತಾರೆ. ನನ್ನ ಮಗಳನ್ನೂ ಮೊದಲು ಅಂಥ ಒಂದಕ್ಕೆ ಹಾಕಿದ್ದೆವು. ಬೆಳಿಗ್ಗೆ ಬೇಗ ವ್ಯಾನು, ಸಂಜೆ ಬರುವಷ್ಟರಲ್ಲಿ ಮಗು ಬಸವಳಿದಿರುತ್ತಿತ್ತು, ಓಣಿಯಲ್ಲಿ ಒಬ್ಬ ಗೆಳತಿಯೂ ಇರಲಿಲ್ಲ. ಈಗ ಹತ್ತಿರದ ಕನ್ನಡ ಶಾಲೆಗೆ ನಡೆದು ಹೋಗುತ್ತಾಳೆ. ಸಂಜೆ ಆಡುತ್ತಾಳೆ, ತಬಲಾ ಕ್ಲಾಸಿಗೆ ಹೋಗುತ್ತಾಳೆ. ಧಾರವಾಡದಲ್ಲಿ ಇದ್ದುಕೊಂಡು ಮಕ್ಕಳಿಗೆ ಸಂಗೀತ ಕಲಿಸದಿದ್ದರೆ ದೊಡ್ಡ ನಷ್ಟ ರೀ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇದ್ದ ಊರು, ಸಿತಾರದ ರಹಿಮತ್ ಖಾನರ ಮನೆತನ ನೆಲೆ ನಿಂತ ಊರು. ಮನೆಯಲ್ಲೇ ಕಲಿಸುವ ಗುರುಗಳು ಇನ್ನೂ ಇದ್ದಾರೆ.

ಮಗನದು ಎಂಟನೇ ಕ್ಲಾಸು ಅಂದಿರಿ, ಅದು ಅನುಕೂಲವೇ ಆಯಿತು. ರಾಜ್ಯ ಸಿಲಬಸ್ಸಿನಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ, ಬೇರೆ ಬೇರೆ ಶಾಲೆಯ ಹುಡುಗರು ಒಟ್ಟಿಗೆ ಬಂದು ಸೇರುತ್ತಾರೆ, ಅವನೊಬ್ಬನೇ ಹೊಸಬ ಅನ್ನಿಸುವುದಿಲ್ಲ. ಹಳೇ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಸಿಗುತ್ತದೆ. ಸಿ.ಬಿ.ಎಸ್.ಇ.ಯಿಂದ ಬರುತ್ತಿದ್ದರೆ ಪ್ರಥಮ ಭಾಷೆ ಕನ್ನಡ ತೆಗೆದುಕೊಳ್ಳುತ್ತಾನಾ ಅನ್ನುವುದನ್ನು ಸೇರಿಸುವ ಮೊದಲೇ ಮಾತಾಡಿಕೊಳ್ಳಿ. ಕನ್ನಡವನ್ನೇ ಕೊಡಿಸಿ ಅಂತ ನಾನು ಹೇಳುತ್ತೇನೆ. ಮೊದಲ ಆರು ತಿಂಗಳು ಒದ್ದಾಡುತ್ತಾನೆ, ಆಮೇಲೆ ಗೆಳೆಯರೇ ಕಲಿಸುತ್ತಾರೆ.

ಮನೆ ನೋಡುವಾಗ ನೀರಿನ ವಿಷಯ ಮರೆಯಬೇಡಿ. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು, ಆದರೆ ಎಷ್ಟೋ ಕಡೆ ದಿನಾ ಬರುವುದಿಲ್ಲ, ಮಧ್ಯೆ ಹಲವು ದಿನ ಬಿಟ್ಟು ಬರುತ್ತದೆ. ನೆಲದ ಟಾಕಿ ಎಷ್ಟು ದೊಡ್ಡದು, ಬೋರ್ ಇದೆಯಾ ಕೇಳಿ. ಮಳೆಗಾಲದಲ್ಲಿ ಇಲ್ಲಿ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿಯುತ್ತದೆ, ಹಳೇ ಮನೆಯಾದರೆ ಗೋಡೆ ಹಸಿಯಾಗುತ್ತದಾ ಅಂತಲೂ ನೋಡಿ.

ಮೊಬೈಲಿನಲ್ಲಿ ಹುಡುಕಿದರೆ ಮಾಳಮಡ್ಡಿಯ ಒಳ್ಳೇ ಮನೆಗಳು ಕಾಣುವುದಿಲ್ಲ. ಏಪ್ರಿಲ್-ಮೇನಲ್ಲಿ ವರ್ಗಾವಣೆಯವರು ಖಾಲಿ ಮಾಡುವ ಹೊತ್ತಿಗೆ ಒಂದು ಶನಿವಾರ ಬನ್ನಿ, ಬೆಳಿಗ್ಗೆ ಶಾಲೆಗಳನ್ನು ನೋಡಿ, ಮಧ್ಯಾಹ್ನ ಓಣಿ ಓಣಿ ನಡೆದು ಕಿರಾಣಿ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ "ಇಲ್ಲಿ ಬಾಡಿಗಿ ಮನಿ ಅದಾವೇನ್ರೀ" ಅಂತ ಕೇಳಿ. ಸಂಜೆಯೊಳಗೆ ಮೂರು ನಾಲ್ಕು ಮನೆ ಸಿಕ್ಕೇ ಸಿಗುತ್ತವೆ.