ವ್ಯಾನಿನ ಆಯಾ, ಅವರ ನೆಂಟರಿಷ್ಟರು

ಸಾಗರದ ಓದುಗರೊಬ್ಬರ ಪತ್ರ: ‘ಮೂರನೇ ಕ್ಲಾಸಿನ ನನ್ನ ಮೊಮ್ಮಗ ಶಾಲೆಯಿಂದ ಒಂದು ಚೀಟಿ ತಂದ. “ಸಂಜೆ ಆಯಾ ತರಗತಿಯ ಮಕ್ಕಳನ್ನು ಆಯಾ ವ್ಯಾನಿನವರೆಗೆ ಕರೆತರುತ್ತಾರೆ” ಅಂತ ಅದರಲ್ಲಿತ್ತು. ಅವನು ಎರಡು ಸಲ ಓದಿ, “ಅಜ್ಜಿ, ಕರ್ಕೊಂಡು ಬರೋದು ಯಾರು?” ಅಂದ. ನನಗೂ ತಲೆ ಓಡಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಆಯಾ ಅನ್ನುವುದು ಸಂಸ್ಕೃತದ ಆರ್ಯಾ ಇಂದ ಬಂತು ಅಂತಾರೆ. ಮಗಳು ಚೆನ್ನೈನಲ್ಲಿದ್ದಾಳೆ, ಅವಳ ಬೀದಿಯಲ್ಲಿ ಅಜ್ಜಿಯನ್ನೇ ಆಯಾ ಅಂತಾರಂತೆ. ಹಿಂದಿಯಲ್ಲಿ ಆಯಾ ಅಂದರೆ ಬಂದ. ಇಷ್ಟು ಚಿಕ್ಕ ಪದಕ್ಕೆ ತವರುಮನೆ ಎಷ್ಟು? ಸರಿಯಾದ್ದು ಯಾವುದು?’

ಉತ್ತರ:

ಅಮ್ಮಾ, ನಿಮ್ಮ ಮೊಮ್ಮಗ ಕೇಳಿದ್ದು ಸರಿಯಾಗಿಯೇ ಇದೆ. ಆ ಸಾಲನ್ನು ನಾನೂ ನಾಲ್ಕು ಸಲ ಓದಿದೆ. ಮೊದಲನೇ ‘ಆಯಾ’ ಅಂದರೆ ಅವರವರ ತರಗತಿ, ಅದರಲ್ಲಿ ಅನುಮಾನವಿಲ್ಲ. ಎರಡನೆಯದೇ ತೊಡಕು. ಕರೆತರುವ ಹೆಂಗಸು ಅಂತಲೂ ಓದಬಹುದು, ಅವರವರ ವ್ಯಾನು ಅಂತಲೂ ಓದಬಹುದು. ಹಾಗೆ ಓದಿದರೆ ಮಕ್ಕಳನ್ನು ಕರೆತರಲು ಯಾರೂ ಉಳಿಯುವುದೇ ಇಲ್ಲ!

ಈ ಎರಡು ‘ಆಯಾ’ಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ‘ಅವರವರ’ ಅನ್ನುವ ಅರ್ಥದ್ದು ನಮ್ಮ ಮನೆಯದೇ. ಆ ಊರು, ಆ ಕಾಲ ಅನ್ನುತ್ತೇವಲ್ಲ, ಆ ‘ಆ’ ಎರಡು ಸಲ ಬಂದಿದೆ, ಅಷ್ಟೇ. ಆ, ಆ. ಎರಡು ಸ್ವರ ಒಟ್ಟಿಗೆ ಬಂದಾಗ ನಾಲಿಗೆಗೆ ಕಷ್ಟ, ನಡುವೆ ಒಂದು ಯಕಾರ ಜಾರಿ ಬಂತು. ಆಯಾ. ತೆಲುಗಿನವರೂ ಇದನ್ನೇ ಇದೇ ಅರ್ಥದಲ್ಲಿ ಆಡುತ್ತಾರೆ. ತಮಾಷೆ ಏನೆಂದರೆ, ‘ಆ’ ಮುಂದೆ ಸ್ವರ ಬಂದರೆ ಸಂಧಿ ಮಾಡಬಾರದು ಅಂತ ನಮಗೆ ಹೈಸ್ಕೂಲಿನಲ್ಲಿ ಕಲಿಸಿದ್ದರು. ಆ ಆಡು, ಈ ಓಲೆ ಅಂತ ಬಿಡಿಸಿಯೇ ಹೇಳಬೇಕು, ಅದಕ್ಕೆ ಪ್ರಕೃತಿಭಾವ ಅಂತ ಹೆಸರು. ಆದರೆ ಬೆಂಗಳೂರು, ಕೋಲಾರದ ಕಡೆ ಯಾರನ್ನಾದರೂ ಮಾತಾಡಿಸಿ ನೋಡಿ. ‘ಆಯಪ್ಪ ಬಂದಿಲ್ಲ’, ‘ಆಯಮ್ಮ ಏನಂದ್ಲು?’ ಅಂತ ನಿಮಿಷಕ್ಕೊಂದು ಸಲ ಪ್ರಕೃತಿಭಾವ ಮುರಿಯುತ್ತಿರುತ್ತದೆ. ಆ ಅಪ್ಪ ಆಯಪ್ಪ ಆದ, ಆ ಅಮ್ಮ ಆಯಮ್ಮ ಆದಳು.

ಹಾಗಾಗಿ ಬೆಂಗಳೂರಿನ ಶಾಲೆಗಳಲ್ಲಿ ಇನ್ನೊಂದು ಗೊಂದಲ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೂ ‘ಆಯಮ್ಮ’ ಅಂತಾರೆ. ಅದು ಆಯಾ ಮತ್ತು ಅಮ್ಮ ಸೇರಿ ಆದದ್ದು. ‘ಆಯಮ್ಮ ಎಲ್ಲಿ?’ ಅಂತ ಹೆಡ್ ಮಿಸ್ ಕೇಳಿದರೆ ಕೇಳುತ್ತಿರುವುದು ಕೆಲಸದವರನ್ನೋ, ಆಗಷ್ಟೇ ಹೊರಗೆ ಹೋದ ಯಾವುದೋ ಮಗುವಿನ ತಾಯಿಯನ್ನೋ, ಮುಖ ನೋಡಿಯೇ ತಿಳಿಯಬೇಕು.

ಇನ್ನು ವ್ಯಾನಿನ ಆಯಾ ವಿಷಯ. ನಿಮ್ಮ ಪಕ್ಕದ ಮನೆ ಮೇಷ್ಟ್ರಿಗೆ ಬೇಜಾರಾಗಬಾರದು, ಇದು ಆರ್ಯಾ ಅಲ್ಲ. ಆರ್ಯ ಅನ್ನುವುದು ಪ್ರಾಕೃತದಲ್ಲಿ ಅಜ್ಜ, ಅಯ್ಯ ಅಂತ ಆದದ್ದು ನಿಜ, ಮೇಷ್ಟ್ರು ಹಾಗೆ ಊಹಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಮಕ್ಕಳನ್ನು ನೋಡಿಕೊಳ್ಳುವ ಆಯಾ ಬಂದದ್ದು ಹಡಗಿನಲ್ಲಿ. ಅದು ಪೋರ್ಚುಗೀಸ್ ಪದ, ‘ಐಯಾ’. ದೊಡ್ಡ ಮನೆತನದ ಮಕ್ಕಳನ್ನು ಸಾಕಿ, ನಡೆ-ನುಡಿ ಕಲಿಸುವ ಹೆಂಗಸಿಗೆ ಅವರು ಹಾಗನ್ನುತ್ತಿದ್ದರು. ಗಂಡಸಾದರೆ ಐಯೋ. 1510ರಲ್ಲಿ ಗೋವಾ ಹಿಡಿದ ಮೇಲೆ ಪೋರ್ಚುಗೀಸರು ನಮಗೆ ಕೊಟ್ಟ ಸಾಮಾನು ಒಂದೆರಡಲ್ಲ. ಮೇಜು, ಚಾವಿ, ಸಾಬೂನು, ಪಾದ್ರಿ, ಅನಾನಸು, ಬಟಾಟೆ. ಈ ಸಾಲಿನಲ್ಲೇ ಆಯಾ ಕೂಡ ಇಳಿದರು. ಅವರಿಂದ ಇಂಗ್ಲಿಷರು ಕಲಿತರು, ಇಂಗ್ಲಿಷರ ಬಂಗಲೆಗಳಿಂದ ಊರೂರಿಗೆ ಹೋಯಿತು. ಹಿಂದಿಯಲ್ಲೂ ಮಗು ನೋಡಿಕೊಳ್ಳುವವರಿಗೆ ಇದೇ ಪದ.

ಆದರೆ ಪೋರ್ಚುಗೀಸರಿಗೆ ಅದು ಎಲ್ಲಿಂದ ಸಿಕ್ಕಿತು? ಅದು ಲ್ಯಾಟಿನ್ನಿನ ‘ಅವಿಯಾ’ ಅನ್ನುತ್ತಾರೆ ನಿಘಂಟು ಮಾಡಿದವರು. ಅವಿಯಾ ಅಂದರೆ ಏನು ಗೊತ್ತಾ? ಅಜ್ಜಿ! ತಾಯಿ ಕೈಬಿಡುವಿಲ್ಲದಾಗ ಮಗುವನ್ನು ಸೊಂಟಕ್ಕೆ ಏರಿಸಿಕೊಳ್ಳುವವರು ಇನ್ಯಾರು, ಅಜ್ಜಿಯೇ ಅಲ್ವಾ? ಹಾಗೆ ಅಜ್ಜಿಯಾಗಿದ್ದ ಪದ ಸಂಬಳದ ದಾದಿಯಾಯಿತು.

ಇಲ್ಲೇ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟ ವಿಷಯ ಇದೆ. ಲ್ಯಾಟಿನ್ನಿನಲ್ಲಿ ಅಜ್ಜನಿಗೆ ‘ಅವುಸ್’. ಅಮ್ಮನ ತಮ್ಮನಿಗೋ ಅಣ್ಣನಿಗೋ, ಅಂದರೆ ನಮ್ಮ ಸೋದರಮಾವನಿಗೆ, ‘ಅವುಂಕುಲುಸ್’. ಬಿಡಿಸಿದರೆ ‘ಪುಟ್ಟ ಅಜ್ಜ’. ಅದು ಫ್ರೆಂಚರ ಬಾಯಲ್ಲಿ ಸವೆದು ಓಂಕ್ಲ್ ಆಯಿತು, ಇಂಗ್ಲಿಷಿನಲ್ಲಿ ಅಂಕಲ್ ಆಯಿತು. ಈಗ ನಿಮ್ಮ ಮೊಮ್ಮಗನ ಶಾಲಾ ವ್ಯಾನು ಕಣ್ಣಮುಂದೆ ತಂದುಕೊಳ್ಳಿ. ಸ್ಟೇರಿಂಗ್ ಹಿಡಿದವರು ಯಾರು? ಡ್ರೈವರ್ ಅಂಕಲ್. ಬಾಗಿಲ ಹತ್ತಿರ ನಿಂತು, ‘ಏ, ಕೈ ಒಳಗಿಡು’ ಅಂತ ಗದರಿ, ಬಿದ್ದ ನೀರಿನ ಬಾಟಲಿ ಎತ್ತಿಕೊಡುವವರು ಯಾರು? ಆಯಾ. ಒಬ್ಬರು ಪುಟ್ಟ ಅಜ್ಜ, ಇನ್ನೊಬ್ಬರು ಅಜ್ಜಿ. ಒಂದೇ ಮನೆಯಿಂದ ಹೊರಟ ಎರಡು ಪದ. ಒಂದು ಫ್ರಾನ್ಸ್, ಇಂಗ್ಲೆಂಡ್ ಸುತ್ತಿ ಬಂತು, ಇನ್ನೊಂದು ಲಿಸ್ಬನ್, ಗೋವಾ ಹಾದು ಬಂತು. ಕೊನೆಗೆ ಎರಡೂ ಸಾಗರದ ಒಂದು ಹಳದಿ ವ್ಯಾನಿನಲ್ಲಿ ಕೂತಿವೆ.

ಇಂಗ್ಲಿಷರ ದಾಖಲೆಯಲ್ಲಿ ಆಯಾ ತುಂಬ ಮೊದಲೇ ಸಿಗುವ ಒಂದು ಕಡೆ ಅಂದರೆ ಕಲ್ಕತ್ತಾದ ಒಂದು ಕೋರ್ಟು ಕೇಸು. 1778ರ ಡಿಸೆಂಬರ್ 8ರ ರಾತ್ರಿ. ಗವರ್ನರ್ ಜನರಲ್ ಕೌನ್ಸಿಲ್ಲಿನ ಸದಸ್ಯ ಫಿಲಿಪ್ ಫ್ರಾನ್ಸಿಸ್ ಎಂಬ ದೊಡ್ಡ ಮನುಷ್ಯ, ಗ್ರಾಂಡ್ ಎಂಬ ಅಧಿಕಾರಿ ಊಟಕ್ಕೆ ಹೊರಗೆ ಹೋಗಿದ್ದಾಗ, ಬಿದಿರಿನ ಏಣಿ ಇಟ್ಟು ಅವರ ಮನೆಗೆ ಹತ್ತಿ ಸಿಕ್ಕಿಬಿದ್ದ. ಹತ್ತಿದ್ದು ಗ್ರಾಂಡರ ಹೆಂಡತಿಯನ್ನು ನೋಡಲು. ಮರುವರ್ಷ ಕೋರ್ಟಿನಲ್ಲಿ ಮನೆಯ ಆಳು ಸಾಕ್ಷಿ ಹೇಳಿದ. ತಾನು ಕೂತಿದ್ದಾಗ ಆಯಾ ಕೆಳಗಿಳಿದು ಬಂದು, ಅಮ್ಮಾವ್ರಿಗೆ ಮೇಣದಬತ್ತಿ ಬೇಕಂತೆ ಅಂದರು ಅಂತ. ಫ್ರಾನ್ಸಿಸ್‌ಗೆ 50,000 ರೂಪಾಯಿ ದಂಡ ಬಿತ್ತು. ಶ್ರೀಮತಿ ಗ್ರಾಂಡ್ ಮುಂದೆ ಪ್ಯಾರಿಸ್ಸಿಗೆ ಹೋಗಿ, 1802ರಲ್ಲಿ ನೆಪೋಲಿಯನ್ನನ ವಿದೇಶ ಮಂತ್ರಿ ತಾಲೆರಾನನ ಹೆಂಡತಿಯಾದರು. ಎಲ್ಲರಿಗೂ ಹೆಸರಿದೆ. ಮೇಣದಬತ್ತಿಗೆ ಇಳಿದು ಬಂದವರು ಮಾತ್ರ ಆ ಸಾಕ್ಷಿಯಲ್ಲಿ ಬರೀ ‘ಆಯಾ’.

ಈ ಹೆಂಗಸರು ಹಡಗು ಹತ್ತಿ ಇಂಗ್ಲೆಂಡಿಗೂ ಹೋದರು. ತಿಂಗಳುಗಟ್ಟಲೆ ಪಯಣದಲ್ಲಿ ದೊರೆಸಾನಿಯ ಮಕ್ಕಳನ್ನು ನೋಡಿಕೊಳ್ಳಲು ಅವರು ಬೇಕಿತ್ತು. ಅಲ್ಲಿ ಇಳಿದ ಮೇಲೆ ಕೆಲವರನ್ನು ಹಿಂದಿರುಗುವ ಟಿಕೆಟ್ಟೂ ಕೊಡದೆ ಕೈಬಿಟ್ಟರು. ಅಂಥವರು ತಂಗಲಿ ಅಂತ ಲಂಡನ್ನಿನಲ್ಲಿ ‘ಆಯಾಗಳ ಮನೆ’ ಅಂತಲೇ ಒಂದಿತ್ತು. ಮೊದಲು ಆಲ್ಡ್‌ಗೇಟಿನಲ್ಲಿ, 1900ರಿಂದ ಹ್ಯಾಕ್ನಿಯಲ್ಲಿ. ಅಲ್ಲಿಯೇ ಹೊಸ ಕೆಲಸ ಗೊತ್ತು ಮಾಡಿ, ಭಾರತಕ್ಕೆ ಹೊರಟ ಇನ್ನೊಂದು ಸಂಸಾರದ ಜೊತೆ ಕಳಿಸುತ್ತಿದ್ದರು. 2022ರಲ್ಲಿ ಹ್ಯಾಕ್ನಿಯ ಆ ಕಟ್ಟಡದ ಗೋಡೆಗೆ ನೆನಪಿನ ನೀಲಿ ಫಲಕ ಹಾಕಿದ್ದಾರೆ.

ಚೆನ್ನೈನ ಆಯಾ ಬೇರೆ ಕಥೆ. ಅಲ್ಲಿ ಅಜ್ಜಿಗೆ ಆಯಾ ಅನ್ನುವುದು ನಿಜ. ಲ್ಯಾಟಿನ್ನಿನಲ್ಲೂ ಅಜ್ಜಿ, ಚೆನ್ನೈನಲ್ಲೂ ಅಜ್ಜಿ, ಎರಡೂ ಒಂದೇ ಇರಬೇಕು ಅಂತ ಕೂಡಲೇ ಗಂಟು ಹಾಕಬೇಡಿ. ಪದಗಳ ಊರು ಹುಡುಕುವವರು ಮುಗ್ಗರಿಸುವುದೇ ಇಲ್ಲಿ. ತಮಿಳಿನಲ್ಲಿ ‘ಆಯ್’, ‘ಆಯಿ’ ಅಂದರೆ ತಾಯಿ ಅಂತ ಪೋರ್ಚುಗೀಸರು ಹಡಗು ಕಟ್ಟುವುದಕ್ಕಿಂತ ಎಷ್ಟೋ ಮೊದಲೇ ಇತ್ತು. ಹಳೆಯ ತಮಿಳಿನಲ್ಲಿ ಇನ್ನೂ ಸೊಗಸು. ‘ಯಾಯ್’ ಅಂದರೆ ನನ್ನ ತಾಯಿ. ‘ಞಾಯ್’ ಅಂದರೆ ನಿನ್ನ ತಾಯಿ. ‘ತಾಯ್’ ಅಂದರೆ ಅವರ ತಾಯಿ. ಹಳೆಯ ತಮಿಳು ಪ್ರೇಮಪದ್ಯಗಳ ಸಂಗ್ರಹ ಕುರುಂತೊಗೈಯ 40ನೇ ಪದ್ಯ ಶುರುವಾಗುವುದೇ ನನ್ನ ಯಾಯ್‌ಗೂ ನಿನ್ನ ಞಾಯ್‌ಗೂ ಏನು ಸಂಬಂಧ ಅಂತ ಪ್ರೇಮಿಯೊಬ್ಬ ಕೇಳುವುದರಿಂದ. ಕನ್ನಡದವರು ಮೂರರಲ್ಲಿ ಕೊನೆಯದೊಂದನ್ನೇ ಉಳಿಸಿಕೊಂಡೆವು, ತಾಯಿ. ಲೆಕ್ಕ ಹಿಡಿದು ನೋಡಿದರೆ ‘ನನ್ನ ತಾಯಿ’ ಅನ್ನುವುದು ‘ನನ್ನ ಅವರಮ್ಮ’ ಅಂದಂತೆ. ಇದನ್ನು ನಿಮ್ಮ ಮೇಷ್ಟ್ರಿಗೆ ಹೇಳಿ, ಆರ್ಯಾ ಹೋದ ಬೇಜಾರು ಸ್ವಲ್ಪ ಕಡಿಮೆಯಾಗಬಹುದು.

ಆಯ್ ಬಳಗದ ಕೊಂಡಿ ನಿಮ್ಮ ಸುತ್ತಮುತ್ತಲೇ ಇದೆ. ಶಿರಸಿ ಕಡೆ ಹವ್ಯಕರ ಮನೆಗಳಲ್ಲಿ ಆಯಿ ಅಂದರೆ ತಾಯಿ. ಮರಾಠಿ, ಕೊಂಕಣಿಯಲ್ಲೂ ಹಾಗೇ. ವಿಜಯಪುರ, ಕಲಬುರಗಿಯಲ್ಲಿ ಮುತ್ಯಾ ಅಂದರೆ ಅಜ್ಜ, ಆಯಿ ಅಂದರೆ ಅಜ್ಜಿ. ನಾನು ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ನಮ್ಮ ರೂಮಿನಲ್ಲಿ ಈ ಎರಡೂ ಕಡೆಯವರಿದ್ದರು. ಒಂದು ದಿನ ಶಿರಸಿಯವನಿಗೆ ಇನ್‌ಲ್ಯಾಂಡ್ ಲೆಟರ್ ಬಂತು. ಆಯಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ. ಅವನು ಮಂಚದ ತುದಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ವಿಜಯಪುರ ಜಿಲ್ಲೆಯ ಇಂಡಿ ಊರಿನವನು ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳಿದ, ‘ಹೋಗ್ಲಿ ಬಿಡೋ ತಮ್ಮಾ, ವಯಸ್ಸಾದ ಮ್ಯಾಲ ಇರೂದ ಅದು. ಎಷ್ಟ ದಿನ ಇರ್ತಾರ?’ ಶಿರಸಿಯವನ ಆಯಿಗೆ ಆಗ ನಲವತ್ತೂ ಆಗಿರಲಿಲ್ಲ. ಆ ರಾತ್ರಿ ಇಬ್ಬರನ್ನೂ ಹಿಡಿದು ಕೂರಿಸುವಷ್ಟರಲ್ಲಿ ಸಾಕುಬೇಕಾಯಿತು. (ಅವನ ಆಯಿ ಗುಣವಾದರು. ಮುಂದಿನ ಸಲ ಡಬ್ಬಿ ತುಂಬ ತೊಡೆದೇವು ಕಳಿಸಿದರು, ಇಂಡಿಯವನಿಗೆ ಕೊಡಬೇಡ ಅಂತ ಹೇಳಿ.)

ಹಿಂದಿಯ ಆಯಾ, ‘ಬಂದ’, ಅದು ಕ್ರಿಯಾಪದ. ಯಾವ ಅಜ್ಜಿಗೂ ನೆಂಟಸ್ತಿಕೆ ಇಲ್ಲ. ಅದು ನಮ್ಮ ಪತ್ರಿಕೆಗಳಿಗೆ ಸಿಕ್ಕಿದ್ದು ರಾಜಕೀಯದ ಬಾಗಿಲಲ್ಲಿ. 1967ರಲ್ಲಿ ಹರಿಯಾಣದ ಗಯಾ ಲಾಲ್ ಅನ್ನುವ ಶಾಸಕರು ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಅನ್ನುವ ಮಾತು ಅಲ್ಲಿಂದ ಹುಟ್ಟಿತು. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೂ ಬಂತು. ಕರ್ನಾಟಕದ ಓದುಗರಿಗೆ ಇದರ ಬಗ್ಗೆ ಜಾಸ್ತಿ ವಿವರಿಸುವುದು ಬೇಡ, ನಮ್ಮ ರೆಸಾರ್ಟುಗಳಿಗೇ ಗೊತ್ತು.

ಗಡಿ ದಾಟಿದರೆ ಮಜಾ ಇನ್ನೂ ಇದೆ. ಇಂಡೊನೇಷ್ಯಾದಲ್ಲಿ, ಮಲೇಷ್ಯಾದಲ್ಲಿ ಶಾಲೆ ಬಿಟ್ಟಾಗ ಮಗು ‘ಆಯಹ್!’ ಅಂತ ಓಡಿ ಹೋಗಿ ತಬ್ಬಿಕೊಳ್ಳುವುದು ಅಪ್ಪನನ್ನು. ರೋಮನ್ ಲಿಪಿಯಲ್ಲಿ ಬರೆದರೆ ಅವರ ಅಪ್ಪನಿಗೂ ಇಂಗ್ಲಿಷರ ಆಯಾಗೂ ಒಂದೇ ಅಕ್ಷರ. ಅರಬ್ಬಿಯಲ್ಲಿ ‘ಆಯಾ’ ಅಂದರೆ ಗುರುತು, ಸೂಚನೆ. ಕುರಾನಿನ ಒಂದೊಂದು ವಚನಕ್ಕೂ ಅದೇ ಹೆಸರು, ಹಲವಾದರೆ ಆಯಾತ್. ಇರಾನಿನ ಸುದ್ದಿಯಲ್ಲಿ ಕೇಳುವ ಆಯತೊಲ್ಲಾ ಅಂದರೆ ‘ದೇವರ ಗುರುತು’. ಇಸ್ತಾನ್‌ಬುಲ್ಲಿಗೆ ಹೋಗಿ ಬಂದವರ ಫೋಟೋಗಳಲ್ಲಿ ದೊಡ್ಡ ಗುಮ್ಮಟದ ಆಯಾ ಸೋಫಿಯಾ ಕಂಡಿರುತ್ತೀರಿ, 537ರಲ್ಲಿ ಕಟ್ಟಿ ಮುಗಿಸಿದ್ದು. ಅಲ್ಲಿ ಆಯಾ ಅಂದರೆ ಗ್ರೀಕಿನ ‘ಅಯಿಯಾ’, ಪವಿತ್ರ ಅಂತ. ಕೆಲವರು ಸೋಫಿಯಾ ಅಂತ ಒಬ್ಬ ಆಯಾ ಇದ್ದರು ಅಂದುಕೊಂಡಿದ್ದಾರೆ! ಆ ಸೋಫಿಯಾ ಕೂಡ ಹೆಂಗಸಲ್ಲ, ದೈವೀ ಜ್ಞಾನ. ಜಪಾನಿನಲ್ಲಿ ಅಯಾ ಅಂದರೆ ನೇಯ್ಗೆಯ ಓರೆ ವಿನ್ಯಾಸ, ಹೆಣ್ಣುಮಕ್ಕಳಿಗೆ ಇಡುವ ಹೆಸರೂ ಹೌದು. ಘಾನಾದ ಅಕಾನ್ ಜನರಿಗೆ ಅಯಾ ಅಂದರೆ ಜರೀಗಿಡ. ಎಂಥ ಬರಡು ಜಾಗದಲ್ಲೂ ಬೆಳೆಯುತ್ತದೆ ಅಂತ ಅದರ ಚಿತ್ರವನ್ನು ಬಟ್ಟೆ ಮೇಲೆ ಅಚ್ಚೊತ್ತುತ್ತಾರೆ. ಹಳೆಯ ಬ್ಯಾಬಿಲೋನಿಯಾದಲ್ಲಿ ಆಯಾ ಒಬ್ಬ ದೇವತೆ, ಸೂರ್ಯದೇವ ಶಮಶನ ಹೆಂಡತಿ.

ಪೆರುವಿನ ಬೆಟ್ಟದ ಕೆಚುವಾ ಭಾಷೆ ಮಾತ್ರ ಸ್ವಲ್ಪ ಹೆದರಿಸುತ್ತದೆ. ಅಲ್ಲಿ ಅಯಾ ಅಂದರೆ ಹೆಣ. ಅಯಾವಾಸ್ಕಾ ಅನ್ನುವ ಕಷಾಯದ ಹೆಸರು ಕೇಳಿರಬಹುದು, ಬಿಡಿಸಿದರೆ ‘ಸತ್ತವರ ಹಗ್ಗ’, ಆ ಬಳ್ಳಿಗೆ ಇಟ್ಟ ಹೆಸರು. ಅಯಾಕುಚೊ ಅಂತ ಒಂದು ಊರೂ ಇದೆ, ‘ಸತ್ತವರ ಮೂಲೆ’ ಅಂತ ಅದಕ್ಕೆ ಅರ್ಥ ಹೇಳುತ್ತಾರೆ. 1824ರ ಡಿಸೆಂಬರಿನಲ್ಲಿ ಸ್ಪೇನಿನ ಸೈನ್ಯ ದಕ್ಷಿಣ ಅಮೆರಿಕದಲ್ಲಿ ಸೋತು ಕೈಚೆಲ್ಲಿದ್ದು ಅದರ ಹತ್ತಿರದ ಬಯಲಿನಲ್ಲೇ. ಇದನ್ನು ನಿಮ್ಮ ಮೊಮ್ಮಗನಿಗೆ ರಾತ್ರಿ ಹೊತ್ತು ಹೇಳಬೇಡಿ. ಬೆಳಿಗ್ಗೆ ಅವನು ವ್ಯಾನ್ ಹತ್ತಬೇಕು.

ಇಷ್ಟೆಲ್ಲದರಲ್ಲಿ ಸರಿಯಾದ್ದು ಯಾವುದು ಅಂತ ಕೇಳಿದ್ದೀರಿ. ಪಂಚಾಯ್ತಿ ಮಾಡಿ ಒಬ್ಬರಿಗೆ ಆಸ್ತಿ ಬರೆದುಕೊಡುವ ಹಾಗಿಲ್ಲ. ಆಡಲು ಸುಲಭವಾದ ಧ್ವನಿ ಇದು. ತುಟಿ ಕೂಡಿಸುವುದು ಬೇಡ, ನಾಲಿಗೆಯನ್ನೂ ಹೆಚ್ಚು ಎತ್ತುವುದು ಬೇಡ. ಇಂಥದ್ದನ್ನು ಯಾವ ಭಾಷೆಯೂ ಸುಮ್ನೆ ಬಿಡುವುದಿಲ್ಲ, ತನಗೆ ಬೇಕಾದ ಅರ್ಥ ಕೊಟ್ಟು ಇಟ್ಟುಕೊಳ್ಳುತ್ತದೆ. ಧ್ವನಿ ಒಂದೇ ಇದೆ ಅಂತ ನೆಂಟಸ್ತಿಕೆ ಹೇಳಲಾಗುವುದಿಲ್ಲ. ಧ್ವನಿಯೇ ಹೊಂದದ ಅಂಕಲ್ ಇಲ್ಲಿ ಖಾಸಾ ನೆಂಟ, ಅಚ್ಚು ಒತ್ತಿದ ಹಾಗಿರುವ ಹಿಂದಿಯ ಆಯಾ ಪರಕೀಯ.

ಇನ್ನು ಆ ಚೀಟಿ. ಶಾಲೆಯವರು ಕೇಳುವ ಹಾಗಿದ್ದರೆ ಹೀಗೆ ತಿದ್ದಿಸಿ: ‘ಸಂಜೆ ಮಕ್ಕಳನ್ನು ಅವರವರ ತರಗತಿಯಿಂದ ಅವರವರ ವ್ಯಾನಿನವರೆಗೆ ಆಯಾ ಕರೆತರುತ್ತಾರೆ.’ ಆಯಾ ಬದಲು ಅವರ ಹೆಸರೇ ಹಾಕಿದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ಗೊತ್ತಿರುತ್ತದೆ, ಕೇಳಿ ನೋಡಿ.

– ಸಂ.