ಮೂಕಿ ಭಾರ ನೋಡಿ, ಆಮೇಲೆ ಹೊರಡಿ

ಹೋದ ಸಂಚಿಕೆಯಲ್ಲಿ ಗಾಡಿಯ ಹಿಂದೆ ಕಟ್ಟಿ ಎಳೆಯುವ ನನ್ನ ಕ್ಯಾಂಪಿಂಗ್ ಟ್ರೇಲರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಅದರ ಮೇಲೆಯೇ. ಕಲಬುರಗಿಯಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್ ಟ್ರಾಲಿ ಕಟ್ಟಿದವನು ನಾನು. ರಾತ್ರಿ ಮಲಗುವ ಡಬ್ಬಿಯನ್ನೂ ಅದೇ ಶೆಡ್ಡಿನಲ್ಲಿ ಕಟ್ಟಿಕೊಂಡೆ. ಮೊದಲನೆಯದು ತಪ್ಪಾಯಿತು. ಅದನ್ನೂ ಹೇಳ್ತೀನಿ.

ಕಾಕಾ, ನನ್ನ ಹತ್ತಿರ ಬೊಲೆರೊ ಇದೆ. 10 ಅಡಿ ಟ್ರೇಲರ್ ಮಾಡಿಸಿದೆ. ಖಾಲಿ ತೂಕ 460 ಕಿಲೋ. ಹಿಂದಿನ ಗೋಡೆಗೆ 100 ಲೀಟರ್ ನೀರಿನ ಟ್ಯಾಂಕು, ಅದರ ಪಕ್ಕ ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿ ಇಟ್ಟಿದ್ದೇನೆ. ಮುಂದಿನ ಮೂತಿ ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ ಕೂತಿದೆ. ಆದರೆ ಸ್ಪೀಡ್ 60 ದಾಟಿದರೆ ಹಿಂದೆ ಬಾಲ ಬೀಸಿದ ಹಾಗೆ ಆಡುತ್ತದೆ. ಕಮಾನ್ ಪಟ್ಟಿ (ಸ್ಪ್ರಿಂಗ್) ಗಟ್ಟಿ ಹಾಕಿಸು ಅಂತಾರೆ. ಹಾಕಿಸಲಾ?
— ಹುಮನಾಬಾದ್‌ನ ಓದುಗ

ತಮ್ಮಾ, ಕಮಾನ್ ಪಟ್ಟಿಗೆ ಕೈ ಹಚ್ಚಬೇಡ. ಒಂದೇ ಕೈಯಲ್ಲಿ ಎತ್ತಬಹುದು ಅಂತ ಖುಷಿಯಿಂದ ಬರೆದಿದ್ದೀಯಲ್ಲ, ರೋಗ ಇರೋದೇ ಅಲ್ಲಿ.

ನಿಮ್ಮ ಮನೆಯಲ್ಲಿ ಚಕ್ಕಡಿ ಇತ್ತಾ? ನಮ್ಮಪ್ಪ ತೊಗರಿ ಚೀಲ ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಮೂಕಿಯನ್ನು, ಅಂದರೆ ಚಕ್ಕಡಿಯ ಮುಂದಿನ ಉದ್ದ ಮರವನ್ನು, ಅಂಗೈ ಮೇಲೆ ಇಟ್ಟು ಒಂದು ಕ್ಷಣ ಸುಮ್ನೆ ನಿಲ್ಲುತ್ತಿದ್ದ. ಆಮೇಲೆ ಹಿಂದಿನ ಒಂದು ಚೀಲ ಗೇಣುದ್ದ ಮುಂದೆ ಸರಿಸು ಅನ್ನುತ್ತಿದ್ದ. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿನ ಪಟ್ಟಿ ಜತ್ತಿಗೆ ಕುತ್ತಿಗೆ ಹಿಸುಕುತ್ತದೆ. ಬೊಲೆರೊಗೆ ಕುತ್ತಿಗೆ ಇಲ್ಲ, ಅದಕ್ಕೆ ಅದು ಬಾಲ ಬೀಸಿ ಹೇಳುತ್ತದೆ.

ಲೆಕ್ಕ ನೋಡು. ನಿನ್ನ ನೀರು 100 ಕಿಲೋ, ಬ್ಯಾಟರಿ ಸುಮಾರು 60. ಎರಡೂ ಚಕ್ರದ ಅಚ್ಚಿನಿಂದ ಸುಮಾರು 4 ಅಡಿ ಹಿಂದೆ. ಅಚ್ಚಿನಿಂದ ಹುಕ್ಕಿಗೆ 8 ಅಡಿ ಅಂತ ಇಟ್ಟುಕೋ. ಹಾಗಾದರೆ 160 ಕಿಲೋದ ಅರ್ಧ, ಅಂದರೆ 80 ಕಿಲೋ, ನಿನ್ನ ಟ್ರೇಲರಿನ ಮೂಕಿಯಿಂದ ಹಾರಿಹೋಯಿತು. ಇಂಥ ಟ್ರೇಲರ್‌ಗೆ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಹುಕ್ಕಿನ ಮೇಲೆ ಕೂತಿರಬೇಕು. ನಿನ್ನದು ತುಂಬಿದಾಗ 620 ಕಿಲೋ, ಅಂದರೆ 62ರಿಂದ 93 ಕಿಲೋ. ಅಷ್ಟು ಭಾರ ಒಂದು ಕೈಯಲ್ಲಿ ಏಳುತ್ತದಾ ಹೇಳು.

ಟ್ಯಾಂಕು, ಬ್ಯಾಟರಿ ಎರಡನ್ನೂ ತಂದು ಅಚ್ಚಿನ ಮೇಲೆಯೇ, ತಳಕ್ಕೆ ಹತ್ತಿ ಕೂರಿಸು. ಬ್ಯಾಟರಿ ಮಾತ್ರ ಮಲಗುವ ಜಾಗದಿಂದ ಬೇರೆ ಇರಲಿ, ಯಾಕೆ ಅಂತ ಕೆಳಗೆ ಹೇಳ್ತೀನಿ. ಈಗ ಮೂಕಿ ಮೇಲೆ 5 ಕಿಲೋ ಇದ್ದರೆ 85ರ ಹತ್ತಿರ ಬರುತ್ತದೆ. ನೀರು ಅಚ್ಚಿನ ಮೇಲಿದ್ದರೆ ಇನ್ನೊಂದು ಲಾಭ. ಟ್ಯಾಂಕು ಖಾಲಿಯಾಗುತ್ತಾ ಬಂದರೂ ಮೂಕಿ ಭಾರ ಬದಲಾಗಲ್ಲ. ನಾನಂತೂ ಟ್ಯಾಂಕೇ ತೆಗೆದು 20 ಲೀಟರಿನ ಐದು ಕ್ಯಾನ್ ಇಟ್ಟಿದ್ದೇನೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಿರುವಿಗೊಮ್ಮೆ ಡೋಲಾಯಿಸುತ್ತದೆ. ಕ್ಯಾನ್‌ನಲ್ಲಿ ಆ ಕಾಟ ಕಡಿಮೆ.

ತೂಗೋದು ಸುಲಭ. ಯಾವುದಾದರೂ ಅಡತಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇರುತ್ತದೆ. ಸಪಾಟು ನೆಲದಲ್ಲಿ ಟ್ರೇಲರ್ ನಿಲ್ಲಿಸು, ಚಕ್ರಕ್ಕೆ ಕಲ್ಲು ಕೊಡು, ಹುಕ್ಕಿನ ಕೆಳಗೆ ಒಂದು ಕಟ್ಟಿಗೆ ಗೂಟ ಇಟ್ಟು ಅದನ್ನು ಕಾಟಾ ಮೇಲೆ ನಿಲ್ಲಿಸು. ಮೂತಿ ಬೊಲೆರೊಗೆ ಸಿಕ್ಕಿಸಿದಾಗ ಎಷ್ಟು ಎತ್ತರ ಇರುತ್ತದೋ ಅಷ್ಟೇ ಎತ್ತರ ಇರಲಿ. ಎಲ್ಲ ಸಾಮಾನು ತುಂಬಿದ ಮೇಲೆ ತೂಗು, ಖಾಲಿ ತೂಗಿ ಪ್ರಯೋಜನ ಇಲ್ಲ.

ನನ್ನ ಮೊದಲ ಟ್ರೇಲರ್‌ನಲ್ಲೂ ನೀರು ಹಿಂದೆಯೇ ಇತ್ತು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡು ನಿಮ್ಮೂರಿನ ಕಡೆ ಹೊರಟಿದ್ದೆವು. ಸ್ಪೀಡ್ 70. ಕಂಟೇನರ್ ಲಾರಿಯೊಂದು ಓವರ್‌ಟೇಕ್ ಮಾಡಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾನು ಹೆದರಿ ಬ್ರೇಕ್ ತುಳಿದೆ. ಓಲಾಟ ಎರಡರಷ್ಟಾಯಿತು. ದೇವರು ದೊಡ್ಡವನು, ಮುಂದೆ ರಸ್ತೆ ಖಾಲಿ ಇತ್ತು. ಹಾಗಾದಾಗ ಬ್ರೇಕ್ ತುಳಿಯಬಾರದು, ಸ್ಟೇರಿಂಗ್ ತಿರುಗಿಸಿ ಸರಿ ಮಾಡಲಿಕ್ಕೂ ಹೋಗಬಾರದು. ಸ್ಟೇರಿಂಗ್ ನೆಟ್ಟಗೆ ಹಿಡಿದು ಎಕ್ಸಿಲೇಟರ್‌ನಿಂದ ಕಾಲು ತೆಗೆದರೆ ತಾನಾಗೇ ತಣ್ಣಗಾಗುತ್ತದೆ. ಸ್ಪೀಡ್ ಹೆಚ್ಚಿಸಿ ಎಳೆದರೆ ನೆಟ್ಟಗಾಗುತ್ತದೆ ಅನ್ನುವವರ ಮಾತು ಕೇಳಬೇಡ.

ಇನ್ನೆರಡು ಮಾತು. ಹುಕ್ಕು ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಬೋಲ್ಟ್ ಆಗಿರಬೇಕು, ಬಂಪರ್‌ಗಲ್ಲ. ಬೊಲೆರೊದಲ್ಲಿ ಬಾಡಿಯಿಂದ ಬೇರೆಯಾದ ಚಾಸಿ ಇದೆ, ಕೆಲಸ ಸುಲಭ. ಟ್ರ್ಯಾಕ್ಟರ್ ಟ್ರಾಲಿಯ ಪಿನ್ನು ಕೊಂಡಿ ಹಾಕಿಸಬೇಡ. ಹೊಲದ ದಾರಿಗೆ ಅದು ಸರಿ, ಹೈವೇ ಸ್ಪೀಡಿಗೆ ಅಲ್ಲ. ಅದರ ಬದಲು ಉಕ್ಕಿನ ಗುಂಡು (ಬಾಲ್ ಹಿಚ್) ಹಾಕಿಸು, ಟ್ರೇಲರ್ ಮೂತಿಯ ಟೋಪಿ ಅದರ ಮೇಲೆ ಕೂರುತ್ತದೆ. ಗುಂಡಿನ ಅಳತೆಯೂ ಮೇಲಿನ ಟೋಪಿಯ ಅಳತೆಯೂ ಒಂದೇ ಇರಬೇಕು. 50 ಎಂಎಂ ಬೇರೆ, 2 ಇಂಚು ಬೇರೆ. 0.8 ಎಂಎಂ ಅಷ್ಟೇ ವ್ಯತ್ಯಾಸ, ಆದರೆ ಟೋಪಿ ಪೂರ್ತಿ ಕೂರದಿದ್ದರೆ ಹಳ್ಳ ಬಂದಾಗ ಕಳಚುತ್ತದೆ. ಕೆಳಗೆ ಎರಡು ಸರಪಳಿ ಕತ್ತರಿ ಹಾಗೆ ಅಡ್ಡಡ್ಡ ಹಾಕು. ಗುಂಡು ತಪ್ಪಿದರೂ ಮೂಕಿ ರಸ್ತೆಗೆ ಚುಚ್ಚದೆ ಆ ಸರಪಳಿಯ ಮೇಲೆ ಕೂರುತ್ತದೆ.

ಚಿಂಚೋಳಿ ಹತ್ತಿರ ತವರಿನ ಹೊಲದಲ್ಲಿ ಏಪ್ರಿಲ್ ರಜೆಗೆ ಮೂರು ರಾತ್ರಿ ಟ್ರೇಲರ್‌ನಲ್ಲಿ ಇರಬೇಕು ಅಂತಿದ್ದೇವೆ. ಅಲ್ಲಿ ಕರೆಂಟ್ ಇಲ್ಲ. ಫ್ಯಾನು, ಎರಡು ಲೈಟು, ಮೂರು ಮೊಬೈಲು, ಸಾಧ್ಯವಾದರೆ ಒಂದು ಸಣ್ಣ ಫ್ರಿಜ್ಜು. ಸೋಲಾರ್ ಎಷ್ಟು ಬೇಕು? ಚಂದ್ರಂಪಳ್ಳಿ ಡ್ಯಾಮಿನ ದಂಡೆಯಲ್ಲೂ ಒಂದು ರಾತ್ರಿ ನಿಲ್ಲಬಹುದಾ?
— ಕಲಬುರಗಿಯ ಶಿಕ್ಷಕಿ

ಅಕ್ಕೋರೆ, ಎರಡನೆಯದಕ್ಕೆ ಮೊದಲು ಉತ್ತರ. ಚಂದ್ರಂಪಳ್ಳಿ ಡ್ಯಾಮ್ ಇರೋದು ವನ್ಯಜೀವಿ ಧಾಮದೊಳಗೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ನಿಲ್ಲುವಂತಿಲ್ಲ. ತವರಿನ ಹೊಲವೇ ಚೆಂದ.

12 ವೋಲ್ಟಿನ ಡಿಸಿ ಫ್ಯಾನು 20 ವ್ಯಾಟು. ರಾತ್ರಿ 10 ಗಂಟೆ ತಿರುಗಿದರೆ 200 ವ್ಯಾಟ್-ಅವರ್. ಲೈಟಿಗೆ 50, ಮೊಬೈಲಿಗೆ 50. ಒಟ್ಟು 300. ಇಷ್ಟಕ್ಕೆ 100 ವ್ಯಾಟಿನ ಒಂದು ಪ್ಯಾನಲ್ ಸಾಕು. ನಮ್ಮ ಬಿಸಿಲಿಗೆ ದಿನಕ್ಕೆ 350ರಿಂದ 400 ಕೊಡುತ್ತದೆ. ಫ್ರಿಜ್ಜು ಬಂದ ಕೂಡಲೇ ಲೆಕ್ಕ ತಪ್ಪುತ್ತದೆ. 45 ವ್ಯಾಟಿನ ಕಂಪ್ರೆಸರ್ ಆ ಸೆಕೆಯಲ್ಲಿ ದಿನಕ್ಕೆ 14 ಗಂಟೆ ಓಡಿದರೂ 630. ಆಗ 300 ವ್ಯಾಟಿನ ಪ್ಯಾನಲ್ ಬೇಕು. ನನ್ನ ಕೇಳಿದರೆ ಫ್ರಿಜ್ಜು ಬಿಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಮಣ್ಣಿನ ಗಡಿಗೆ. ಮೂರು ದಿನಕ್ಕೆ ಕೆಡುವಂಥದ್ದು ಇನ್ನೇನಿದೆ?

ಬಿಸಿಲಿನ ಕಾವು ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ ಅಂದುಕೊಳ್ಳಬೇಡಿ. ಪ್ಯಾನಲ್ಲಿಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಕಡಿಮೆಯಾಗುತ್ತದೆ. ಮಧ್ಯಾಹ್ನ ಪ್ಯಾನಲ್ 65 ಡಿಗ್ರಿಗೆ ಕಾದರೆ 16 ಪರ್ಸೆಂಟ್ ಹೋಯಿತು. ಹಾಗಾಗಿ ನಾನು ಪ್ಯಾನಲ್ ಅನ್ನು ಟ್ರೇಲರಿನ ತಗಡಿಗೆ ಅಂಟಿಸಿಲ್ಲ. ಹೊಲದಲ್ಲಿ ಒಂದು ಹೊರಸು ಕೇಳಿ ಇಸಿದುಕೊಂಡು ಅದರ ಮೇಲೆ ಮಲಗಿಸುತ್ತೇನೆ. ಹಗ್ಗದ ಸಂದಿಯಿಂದ ಕೆಳಗೆ ಗಾಳಿಯಾಡುತ್ತದೆ. ಟ್ರೇಲರ್ ಬೇವಿನ ನೆರಳಿನಲ್ಲಿ, ಪ್ಯಾನಲ್ ಬಿಸಿಲಿನಲ್ಲಿ, ನಡುವೆ 10 ಮೀಟರ್ ವೈರು. ವೈರು ದಪ್ಪ ಇರಲಿ, 12 ವೋಲ್ಟಿನಲ್ಲಿ ಸಣ್ಣ ವೈರು ದಾರಿಯಲ್ಲೇ ಕರೆಂಟ್ ತಿಂದುಬಿಡುತ್ತದೆ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಹತ್ತಿರವೇ ಇರುತ್ತಾನೆ. ಪ್ಯಾನಲ್ ಚಪ್ಪಟೆ ಇದ್ದರೆ ಸಾಕು. ಡಿಸೆಂಬರ್‌ನಲ್ಲಿ ಹೋದರೆ ದಕ್ಷಿಣಕ್ಕೆ ವಾಲಿಸಿ.

ಮನೆಯ ಇನ್ವರ್ಟರ್ ಬ್ಯಾಟರಿ ಒಯ್ಯುವುದಾದರೆ ಅದರ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಜಾಗದಲ್ಲಿ ಬೇಡ. 100 ಎಎಚ್ ಲಿಥಿಯಂ ಬ್ಯಾಟರಿ 12 ಕಿಲೋ ಆಸುಪಾಸು, 80 ಪರ್ಸೆಂಟ್ ಬಳಸಬಹುದು. ದುಬಾರಿ, ಆದರೆ ಮೂಕಿಗೆ ಹಗುರ.

ಬೀದರ್ ಚಳಿಗೆ ಟ್ರೇಲರ್ ಒಳಗೆ ಇದ್ದಿಲಿನ ಸಿಗಡಿ ಇಟ್ಟುಕೊಳ್ಳಬಹುದಾ? ಗ್ಯಾಸ್ ಎಲ್ಲಿಡಬೇಕು?
— ಬೀದರ್‌ನ ಓದುಗರು

ಸಿಗಡಿ ಬೇಡವೇ ಬೇಡ. ಮುಚ್ಚಿದ ಡಬ್ಬಿಯಲ್ಲಿ ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಎರಡು ಕೌದಿ ಜಾಸ್ತಿ ಒಯ್ಯಿರಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ. ಕಿಟಕಿ ತೆರೆದರೆ ಹೋಗುವುದಿಲ್ಲ, ತಳಮಟ್ಟದಲ್ಲಿ ತೂತು ಇರಬೇಕು. ಸಿಲಿಂಡರ್ ಹೊರಗೆ ಮೂಕಿಯ ಮೇಲೆ ನೆಟ್ಟಗೆ ಕಟ್ಟಿ, ಓಡುವಾಗ ವಾಲ್ವ್ ಬಂದ್. ಮನೆಯ 14.2 ಕಿಲೋದ್ದು ತುಂಬಿದಾಗ 30 ಕಿಲೋ ಹತ್ತಿರ ತೂಗುತ್ತದೆ, ಮೂಕಿ ಲೆಕ್ಕಕ್ಕೆ ಅದನ್ನೂ ಸೇರಿಸಿ. ಇಬ್ಬರಿಗೆ 5 ಕಿಲೋದ್ದು ಸಾಕು.

ಟ್ರೇಲರ್‌ಗೆ ಇಂಜಿನ್ನೇ ಇಲ್ಲ, ಅದಕ್ಕೂ ನಂಬರ್ ಬೇಕಾ? ಮತ್ತೆ, ರಿವರ್ಸ್ ಹಾಕಿದರೆ ಅಡ್ಡ ತಿರುಗಿ ನಿಲ್ಲುತ್ತದೆ, ಏನು ಮಾಡಲಿ?
— ಯಾದಗಿರಿಯ ಓದುಗರು

ಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ತನ್ನ ನಂಬರು ಬೇಕು, ಜೊತೆಗೆ ಎಳೆಯುವ ಗಾಡಿಯ ನಂಬರೂ ಟ್ರೇಲರ್ ಮೇಲೆ ಕಾಣಬೇಕು. ಕಬ್ಬಿಣ ಕೊಯ್ಯುವ ಮೊದಲೇ ನಕ್ಷೆ ಹಿಡಿದು ಆರ್‌ಟಿಒಗೆ ಹೋಗಿ ಬನ್ನಿ. ಕಟ್ಟಿದ ಮೇಲೆ ಹೋದರೆ ಓಡಾಟ ಜಾಸ್ತಿ.

ರಿವರ್ಸ್‌ಗೆ, ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ. ಟ್ರೇಲರ್ ಹಿಂಭಾಗ ಎತ್ತ ಹೋಗಬೇಕೋ ಕೈ ಅತ್ತ ಸರಿಸಿ, ಸ್ವಲ್ಪವೇ ಸ್ವಲ್ಪ. ಅಡ್ಡ ಆಗತೊಡಗಿದರೆ ಮುಂದೆ ಎಳೆದು ನೆಟ್ಟಗೆ ಮಾಡಿ ಮತ್ತೆ ಶುರು ಮಾಡಿ. ಟ್ರೇಲರ್ ಗಿಡ್ಡ ಇದ್ದಷ್ಟೂ ಬೇಗ ತಿರುಗುತ್ತದೆ. ದೊಡ್ಡ ಟ್ರಾಲಿ ಬಿಟ್ಟವರೂ ಸಣ್ಣದರಲ್ಲಿ ಬೆವರುತ್ತಾರೆ. ಖಾಲಿ ಬಯಲಿನಲ್ಲಿ ನಾಲ್ಕು ಚೀಲ ನಿಲ್ಲಿಸಿ ನಡುವೆ ತೂರಿಸುವುದನ್ನು ಕಲಿಯಿರಿ. ಮನೆಯವರನ್ನು ಹಿಂದೆ ನಿಲ್ಲಿಸಿ ‘ಬರ್ಲಿ, ಬರ್ಲಿ’ ಅನ್ನಿಸಬೇಡಿ. ನಮ್ಮ ಮನೆಯಲ್ಲಿ ಅದಕ್ಕೇ ಎರಡು ದಿನ ಮಾತು ಬಿಟ್ಟಿದ್ದರು.